ಏಳನೆಯ ಪ್ರತಿ

ಕೆಂಪು ಪಟ್ಟಿ ಈ ತುದಿಯಿಂದ ಆ ತುದಿಗೆ ತುಂಬಿಕೊಂಡಿದೆ, ನೂಲಿನಷ್ಟು ಬಿಳಿ ಉಳಿದಿದೆ ಅಷ್ಟೆ, ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಮೂಲೆಯಿಂದ ಒಂದು ಚೌಕ ಇಣುಕುತ್ತದೆ, ಒತ್ತಿದರೆ ಹೋಗುತ್ತದೆ, ಮತ್ತೆ ಬಂದು ಇಣುಕುತ್ತದೆ, ಮೇಲ್ ತೆರೆಯೋಣವೆಂದರೆ ಬಿಳಿ ಹಾಳೆಯ ನಡುವೆ ಉಂಗುರವೊಂದು ತಿರುಗುತ್ತ ಕೂತಿದೆ, ಹತ್ತೂ ನಲವತ್ತು ಆಯಿತು, ಫೋನ್ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡು ಬಿಸಿಯಾಗಿದೆ, ಆ ಕಡೆ ಇವರ ಕಾರ್ಖಾನೆಯ ಯಂತ್ರಗಳ ಗುಂಯ್, ಅದರೊಳಗಿಂದ ಇವರ ಧ್ವನಿ — ಭಾಗ್ಯ, ಜಾಗ ಇಲ್ಲಂತ ತೋರಸಾಕತ್ತೇತೇನು, ಹೆದರಬ್ಯಾಡ, ಮೊದಲ ಕಸ ತಗೀಬೇಕು, ಆಮ್ಯಾಲೆ ಮೇಲ್ ತಾನ ತೆರಿತೈತಿ, ಲಗೂನ ಮಾಡು, ಮಂಜುಶ್ರೀ ಅವರು ಅತ್ತಿಬೆಲ್ಯಾಗ ಝೆರಾಕ್ಸ್ ಅಂಗಡಿ ಮುಂದ ನಿಂತಾರ, ಹನ್ನೆರಡಕ್ಕ ಅವರ ಇಂಟರ್ವ್ಯೂ, ಕಾಗದದ ಕವರ್ ಬಸ್ಸಿನಾಗ ಮರತು ಇಳದಾರ ಪಾಪ. ಪಾಪ. ಮಂಜುಶ್ರೀ ಅವರು, ನಿಂತಾರ, ಇಳದಾರ, ಇವರ ಕಾರ್ಖಾನೆಯಲ್ಲಿ ಕೆಲಸ ಮಾಡುವವಳಿಗೆ ಇಷ್ಟು ಮರ್ಯಾದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಎಷ್ಟು ಬಸ್ಸಿನಲ್ಲಿ ಏನೇನು ಮರೆತಿಲ್ಲ, ಕೊಪ್ಪಳದಿಂದ ಬರುವಾಗ ರೊಟ್ಟಿಯ ಗಂಟನ್ನೇ ಮರೆತು ಇಳಿದಾಗ ಈ ಪಾಪ ಎಲ್ಲಿತ್ತು, ನಿನ್ನ ಧ್ಯಾನ ಎಲ್ಲೈತಿ ಅಂದಿದ್ದರು, ಬಸ್‌ಸ್ಟ್ಯಾಂಡಿನಲ್ಲಿ, ಜನರ ಮುಂದೆ.

ಕಿಟಕಿ ಚಿತ್ರ ಇರೋ ಗುಂಡಿ ಒತ್ತಿ ಹಿಡಿ, ಹಿಡದಿ? ಈಗ ಆರ್ ಒತ್ತು, ಆರ್ ಅಂದ್ರ ಪಿ ಅಕ್ಷರಕ್ಕ ಕಾಲು ಚಾಚಿದಂಗ ಇರತೈತಲ್ಲ ಅದು — ಆರ್ ನನಗೆ ಗೊತ್ತು, ಪಿಯುಸಿ ಪಾಸಾದವಳು ನಾನು, ಈ ಕಸ ತೆಗೆಯುವ ದಾರಿಯೂ ಗೊತ್ತು, ಆದರೂ ಹೂಂ ಅನ್ನುತ್ತೇನೆ, ಇವತ್ತು ಇವರ ಧ್ವನಿ ಮೆತ್ತಗಿದೆ, ಯಾರಿಗಾಗಿಯೋ ಮೆತ್ತಗಾದದ್ದಾದರೂ ನನ್ನ ಕಿವಿಗೆ ಬೀಳುತ್ತಿದೆಯಲ್ಲ, ಶೇಕಡಾ ಚಿಹ್ನೆ ಹಾಕು, ಟೆಂಪ್ ಅಂತ ಬರಿ, ಮತ್ತ ಶೇಕಡಾ ಚಿಹ್ನೆ ಹಾಕು. ಕಾರ್ಖಾನೆಯ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಇವರು ಮನೆಗೆ ತಂದದ್ದು ಎರಡು ವರ್ಷದ ಹಿಂದೆ, ನಿನಗ ಕಲಿಸ್ತೀನಿ ಅಂತಲೇ ತಂದದ್ದು, ಮೊದಲ ಭಾನುವಾರ ಪಕ್ಕದಲ್ಲಿ ಕೂತು ಕಲಿಸಿದರು, ಎರಡನೆಯ ಭಾನುವಾರ ಮೌಸನ್ನು ಎರಡು ಸಲ ಬೇಗ ಒತ್ತಲು ನನಗೆ ಬರಲಿಲ್ಲ, ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದೆ, ಎಷ್ಟ ಸಲ ಹೇಳಬೇಕ ನಿನಗ, ಕಲ್ಲಿಗೆ ಹೇಳಿದ್ರ ಕಲ್ಲು ಕಲೀತಿತ್ತು ಅಂದು ಎದ್ದು ಹೋದರು, ಮೂರನೆಯ ಭಾನುವಾರ ಬರಲೇ ಇಲ್ಲ. ಆಮೇಲೆ ಇವರು ಶಿಫ್ಟಿಗೆ ಹೋದ ಮೇಲೆ ನಾನೇ ಕೂತೆ, ದಿನಾ ಕೂತೆ, ಬಟ್ಟೆ ಒಣಹಾಕಿ ಬಂದು ಕೂತೆ, ಎರಡು ಸಲ ಬೇಗ ಒತ್ತಲು ನಾಲ್ಕು ದಿನ ಹಿಡಿಯಿತು, ಬೈಯುವವರಿಲ್ಲದಿದ್ದರೆ ನಾಲ್ಕೇ ದಿನ. ಇವರಿಗೆ ಇದು ಗೊತ್ತಿಲ್ಲ. ಹೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿದೆ.

ತೆರೀತು ನೋಡ್ರಿ ಅಂದೆ. ತೆರೀತಾ, ಎಲ್ಲಾ ಆರಿಸಿ ಅಳಸಿಬಿಡು, ಅದರಾಗ ಬೇಕಾದ್ದು ಏನೂ ಇಲ್ಲ, ಕೆಲಸ ಮುಗದ ಮ್ಯಾಲೆ ಬಿಟ್ಟು ಹೋದ ಸಾಮಾನು ಅದು, ಅಳಿಸಿದ ಮ್ಯಾಲೆ ಕಳಿಸು, ಅವರ ಬಯೋಡೇಟಾ, ಏಳನೇದು ಕಳಿಸು, ಡೆಸ್ಕ್‌ಟಾಪಿನಾಗ ಅವರ ಹೆಸರಿಂದ ಫೋಲ್ಡರ್ ಐತಿ, ಝೆರಾಕ್ಸ್ ಅಂಗಡಿ ಮೇಲ್ ಐಡಿ ಮೆಸೇಜ್ ಮಾಡೀನಿ, ಇಡ್ತೀನಿ, ಸೂಪರ್‌ವೈಸರ್ ಬಂದಾ. ಯಂತ್ರಗಳ ಗುಂಯ್ ತಟ್ಟನೆ ಕತ್ತರಿಸಿ ಹೋಯಿತು, ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಪರದೆಯ ತುಂಬ ಸಾಲುಸಾಲು ಹೆಸರುಗಳು, ಹೆಸರೂ ಅಲ್ಲ, ಅಕ್ಷರ ಅಂಕಿ ಕಲಸಿ ಎಸೆದಂತೆ, ಹಳದಿ ಪೆಟ್ಟಿಗೆ, ಬಿಳಿ ಹಾಳೆ, ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸು ಅಂದೆ, ಹಸಿರು ಗೆರೆ ತೆವಳಿತು, ನಾಲ್ಕು ಸಾವಿರದಷ್ಟು ಕಡತ, ಕೆಲವು ಮಾತ್ರ ಹೋಗುವುದಿಲ್ಲ ಎಂದು ಹಟ ಹಿಡಿದವು, ಇದು ಬೇರೆ ಕಡೆ ಬಳಕೆಯಲ್ಲಿದೆ ಎನ್ನುತ್ತದೆ ಯಂತ್ರ, ಇರಲಿ, ಬಳಕೆಯಲ್ಲಿರುವುದು ಇರಲಿ, ಕೆಳಗೆ ಮನೆ ಓನರ್ ಕೃಷ್ಣಮ್ಮನವರು ನೀರಿನ ಟ್ಯಾಂಕರಿನವನ ಜೊತೆ ಜಗಳ ಹಚ್ಚಿದ್ದಾರೆ, ಇಂಗೆ ಅರ್ಧ ಟ್ಯಾಂಕು ತಂದು ಅಂಗೇ ಓಗ್ತೀಯಾ ನೀನು, ಅವರ ಮಾತಿನ ಜೊತೆಗೇ ಗೆರೆ ತುದಿ ಮುಟ್ಟಿತು, ಕೆಂಪು ಪಟ್ಟಿಯಲ್ಲಿ ಬೆರಳಿನಷ್ಟು ಬಿಳಿ ಬಂತು, ಅಷ್ಟು ಸಾಕು, ಮೇಲ್ ತೆರೆಯಿತು. ಹತ್ತೂ ಐವತ್ತೈದು.

ಮಂಜುಶ್ರೀ ಎಂಬ ಹೆಸರಿನ ಹಳದಿ ಪೆಟ್ಟಿಗೆ. ಅದರ ಪಕ್ಕದಲ್ಲೇ ಭಾಗ್ಯ ಅಂತ ಒಂದು ಬಿಡಿ ಹಾಳೆ, ಪೆಟ್ಟಿಗೆಯಿಲ್ಲದ್ದು, ತೆರೆಯದೆಯೂ ಅದರಲ್ಲಿ ಏನಿದೆ ಎಂದು ಬಲ್ಲೆ, ಭಾಗ್ಯಶ್ರೀ, ಗಂಡನ ಹೆಸರು ಬಸಲಿಂಗ, ಪಿಯುಸಿ ಎರಡನೆಯ ದರ್ಜೆ, ಅಷ್ಟೆ, ಹೋದ ಜೂನಿನಲ್ಲಿ ಮೂಲೆಯ ಶಾಲೆಯವರು ಆಫೀಸಿಗೆ ಒಬ್ಬರು ಬೇಕು ಎಂದು ಬೋರ್ಡು ಹಾಕಿದ್ದರು, ಅರ್ಜಿ ಒಂದೀಟು ಟೈಪ್ ಮಾಡಿ ಕೊಡ್ರಿ ಅಂದೆ, ನನಗೇ ಬರುತ್ತಿತ್ತು, ಆದರೂ ಇವರು ಮಾಡಿಕೊಡಲಿ ಅನ್ನಿಸಿತು, ಮೂರು ಸಾಲು ಹೊಡೆದು ಭಾನುವಾರ ಮುಗಸ್ತೀನಿ ಅಂದರು, ಭಾನುವಾರ ಹೋಯಿತು, ಬೋರ್ಡೂ ಹೋಯಿತು. ಪೆಟ್ಟಿಗೆ ತೆರೆದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಏಳು ಸಲ. ಒಬ್ಬಳ ಹೆಸರನ್ನು, ಊರನ್ನು, ಓದನ್ನು ಏಳು ಸಲ ತಿದ್ದಿದ್ದಾರೆ, ಪ್ರತಿಯೊಂದರ ಎದುರಿಗೆ ತಾರೀಕು ಇದೆ, ಎಲ್ಲವೂ ಭಾನುವಾರ, ಆಫೀಸ್ ರಿಪೋರ್ಟ್ ಐತಿ ಮಾತಾಡಸಬ್ಯಾಡ ಅಂದು ಬಾಗಿಲು ಹಾಕಿಕೊಂಡ ಭಾನುವಾರಗಳು. ಒಂದನೆಯದನ್ನು ತೆರೆದು ನೋಡಿದೆ, ಬಡಕಲಾಗಿದೆ, ಪ್ಯಾಕಿಂಗ್ ಕೆಲಸ ಒಂದು ವರ್ಷ, ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ. ಏಳನೆಯದನ್ನು ತೆರೆದೆ — ಪ್ಯಾಕಿಂಗ್, ಇನ್‌ಸ್ಪೆಕ್ಷನ್ ಎರಡೂ ಸೇರಿ ಮೂರು ವರ್ಷದ ಅನುಭವ, ಮೈಕ್ರೋಮೀಟರಿನಲ್ಲಿ ಅಳೆಯಬಲ್ಲರು, ದೋಷವಿರುವ ಬಿಡಿಭಾಗ ಗುರುತಿಸಬಲ್ಲರು, ತಾಳ್ಮೆಯುಳ್ಳವರು, ಸಾಲುಗಳು ನೇರವಾಗಿ ಜೋಡಿಸಿಕೊಂಡಿವೆ, ಅವಳ ಫೋಟೊ ಬಲಗಡೆ ಮೇಲೆ, ಫೋಟೊದ ಹಿಂದಿನ ಗೋಡೆಯನ್ನು ಅಳಿಸಿ ತಿಳಿನೀಲಿ ಮಾಡಿದ್ದಾರೆ, ಕೂದಲಿನ ಅಂಚಿನಲ್ಲಿ ಒಂದೊಂದು ಎಳೆಯನ್ನೂ ಬಿಡಿಸಿದ್ದಾರೆ. ಎಷ್ಟು ಹೊತ್ತು ಕೂತಿರಬೇಕು. ಎಷ್ಟು ಹತ್ತಿರದಿಂದ ನೋಡಿರಬೇಕು.

ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ನೋಡಿದ್ದೆ ಅವಳನ್ನು, ಆನೇಕಲ್ ಕಡೆಯವಳು, ಚೆಲುವೆಯೇನಲ್ಲ, ಹಾಗೆಂದು ಅವತ್ತೇ ಸಮಾಧಾನ ಮಾಡಿಕೊಂಡಿದ್ದೆ, ಅಂಗೈಯಲ್ಲಿ ಹೊಳೆಯುವ ಒಂದು ಉಂಗುರದಂಥ ತುಂಡು ತಂದು ತೋರಿಸಿ, ಅಕ್ಕ, ಇದನ್ನ ನಮ್ ಸಾರ್ ಪಾಸ್ ಮಾಡಿದ್ರೇನೇ ಪಾಸು, ಕೂದ್ಲೆಳೆಯಷ್ಟು ಜಾಸ್ತಿ ಇದ್ರೂ ಬಿಡಲ್ಲ ಕಣಕ್ಕ ಅಂದಳು, ನಮ್ ಸಾರ್, ಇವರು ನಾಚಿಕೊಂಡು ನಕ್ಕರು, ಆ ನಗುವನ್ನು ನಾನು ಮದುವೆಯ ಫೋಟೊದಲ್ಲಿ ಬಿಟ್ಟರೆ ಬೇರೆ ಕಡೆ ಕಂಡಿಲ್ಲ. ಕೆಟ್ಟದ್ದೇನೂ ಇಲ್ಲ ಇಬ್ಬರ ನಡುವೆ, ಗೊತ್ತು, ಕೆಟ್ಟದ್ದು ಇದ್ದಿದ್ದರೆ ಒಳ್ಳೆಯದಿತ್ತು, ಕೂಗಾಡಬಹುದಿತ್ತು, ತವರಿಗೆ ಫೋನ್ ಹಚ್ಚಬಹುದಿತ್ತು, ತಾಳ್ಮೆಗಾಗಿ ಯಾರ ಮುಂದೆ ಪಂಚಾಯಿತಿ ಸೇರಿಸಲಿ, ನನ್ನ ಗಂಡ ಇನ್ನೊಬ್ಬಳಿಗೆ ಏಳು ಸಲ ಸಿಟ್ಟಾಗದೆ ಹೇಳಿಕೊಟ್ಟ ಎಂದರೆ ಅವ್ವ ನಗುತ್ತಾಳೆ. ಹನ್ನೊಂದೂ ಐದು. ಭಾಗ್ಯ ಎಂಬ ಹಾಳೆಯನ್ನು ಮೊದಲು ಅಳಿಸಿದೆ, ಕೆಲಸ ಮುಗಿದ ಮೇಲೆ ಬಿಟ್ಟುಹೋದ ಸಾಮಾನು. ಬೆರಳು ಅಲ್ಲಿಗೆ ನಿಲ್ಲಲಿಲ್ಲ. ಒಂದನೆಯದನ್ನು ಮೇಲಿಗೆ ಸೇರಿಸಿದೆ, ಒಂಬತ್ತು ಅಂಕಿಯದನ್ನು, ಅಂಗಡಿಯ ವಿಳಾಸ ಹಾಕಿ ಕಳಿಸಿದೆ, ಹೋಯಿತು ಅಂದಿತು. ಎರಡರಿಂದ ಏಳರವರೆಗೆ ಒಟ್ಟಿಗೆ ಆರಿಸಿ, ಶಿಫ್ಟ್ ಗುಂಡಿ ಹಿಡಿದು ಅಳಿಸಿದೆ, ಶಿಫ್ಟ್ ಹಿಡಿದರೆ ಕಸದ ಬುಟ್ಟಿಗೂ ಹೋಗದೆ ನೇರ ಹೋಗುತ್ತವೆ, ಅದನ್ನೂ ನಾನೇ ಕಲಿತದ್ದು, ಶಾಶ್ವತವಾಗಿ ಅಳಿಸಲೇ ಎಂದು ಕೇಳಿತು, ಹೌದು. ಇವರಿಗೆ ಫೋನ್ ಮಾಡಿ ಹೋತ್ರಿ ಅಂದೆ. ಹೋತಾ, ಶಾಣ್ಯಾಕಿ ಅಂದರು. ಶಾಣ್ಯಾಕಿ. ಒಂಬತ್ತು ವರ್ಷದಲ್ಲಿ ಮೊದಲ ಸಲ ಜಾಣೆ ಅನ್ನಿಸಿಕೊಂಡೆ, ಅದೂ ಇವತ್ತು.

ಹನ್ನೊಂದೂವರೆಗೆ ಹೊಸ ನಂಬರಿನಿಂದ ಫೋನು, ಅಕ್ಕ, ಮಂಜುಶ್ರೀ ಕಣಕ್ಕ, ಸಾರ್ ಹತ್ರ ನಂಬರ್ ಇಸ್ಕೊಂಡಿದ್ದೆ, ನಿಮಗೆ ತುಂಬಾ ತೊಂದ್ರೆ ಕೊಟ್ಬಿಟ್ಟೆ, ಬಂತು, ಆದ್ರೆ ಇದು ಹಳೇದು ಅನ್ಸುತ್ತೆ, ನಂಬರ್ ತಪ್ಪಿದೆ, ಒಂದೇ ವರ್ಷ ಅಂತ ಇದೆ, ಇನ್ನೊಂದ್ಸಲ ನೋಡ್ತೀರಾ. ಹಿಂದೆ ಬಸ್ಸಿನ ಹಾರ್ನು, ತಮಿಳಿನಲ್ಲಿ ಯಾರೋ ಊರುಗಳ ಹೆಸರು ಕೂಗುತ್ತಿದ್ದಾರೆ, ಅವಳು ಏದುಸಿರು ಬಿಡುತ್ತಿದ್ದಾಳೆ, ಓಡಿ ಬಂದಿರಬೇಕು. ಇರೋದು ಅದೊಂದ ಅಂದೆ. ನನ್ನ ಧ್ವನಿ ಎಷ್ಟು ನೆಟ್ಟಗಿತ್ತು. ಅವಳು ಆ ಕಡೆ ಕಾಗದ ಮಗುಚಿ ನೋಡಿದ ಸದ್ದು, ಹೌದಾ, ಪರ್ವಾಗಿಲ್ಲ ಬಿಡಿ ಅಕ್ಕ, ಪೆನ್ನಲ್ಲಿ ತಿದ್ಕೋತೀನಿ, ಬಾಯಲ್ಲಿ ಎಲ್ಲಾ ಬರುತ್ತೆ ನಂಗೆ, ಸಾರ್‌ಗೆ ಮಾತ್ರ ಹೇಳ್ಬೇಡಿ ಅಕ್ಕ, ಸುಮ್ನೆ ನಿಮ್ಮನ್ನ ಬೈತಾರೆ. ನಿಮ್ಮನ್ನ ಬೈತಾರೆ ಅಂದಳು. ಅವಳಿಗೆ ಹೇಗೆ ಗೊತ್ತು. ನನ್ನನ್ನು ಕಾಪಾಡಲು ಇವಳು ಯಾರು, ಅತ್ತಿಬೆಲೆಯ ಬಿಸಿಲಲ್ಲಿ ತಪ್ಪು ಕಾಗದ ಹಿಡಿದು ನಿಂತವಳು ನನಗೆ ದಯೆ ತೋರಿಸುತ್ತಾಳೆ, ಫೋನ್ ಇಟ್ಟ ಮೇಲೂ ಮುಖ ಉರಿಯುತ್ತಿತ್ತು, ಏಳನೆಯದನ್ನು ವಾಪಸು ತರಲು ಏನೇನೋ ಒತ್ತಿ ನೋಡಿದೆ, ಬುಟ್ಟಿ ತೆರೆದೆ, ಖಾಲಿ, ನಾನು ಅಷ್ಟು ಚೆನ್ನಾಗಿ ಕಲಿತಿದ್ದೆ.

ಎರಡು ಗಂಟೆಗೆ ಇವರು, ಊಟದ ಬಿಡುವಿನಲ್ಲಿ, ಭಾಗ್ಯ, ಸಿಕ್ತು ಅವರಿಗೆ, ಇನ್‌ಸ್ಪೆಕ್ಷನ್‌ನಾಗ ತೊಗೊಂಡ್ರು, ಒಂದನೇ ತಾರೀಕಿಗೆ ಸೇರ್ತಾರ, ಇನ್ನ ನಮ್ಮಲ್ಲಿ ಬರೂದಿಲ್ಲ. ಇನ್ನು ಬರುವುದಿಲ್ಲ ಎಂಬಲ್ಲಿ ಕಿವಿ ಇಟ್ಟೆ, ಬೇಸರ ಇದೆಯೋ ಎಂದು ಸೋಸಿದೆ, ಏನೂ ಸಿಗಲಿಲ್ಲ, ಪಲ್ಯಕ್ಕ ಉಪ್ಪು ಕಡಿಮಿ ಆಗಿತ್ತು ಇವತ್ತ ಅಂದರು, ಇಟ್ಟರು. ಆಗ ಹೊಳೆಯಿತು ನನಗೆ, ಇವರು ಏಳು ಭಾನುವಾರ ಕೂತದ್ದು ಅವಳನ್ನು ಅಲ್ಲಿಂದ ಕಳಿಸುವುದಕ್ಕೆ, ನಾನು ಬೆಳಗ್ಗೆ ಕೂತದ್ದು ಅವಳು ಹೋಗದಂತೆ ಮಾಡುವುದಕ್ಕೆ, ನನ್ನ ಕೈ ನಡೆದಿದ್ದರೆ ನಾಳೆಯೂ ನಾಡಿದ್ದೂ ಅವಳು ಅಂಗೈಯಲ್ಲಿ ತುಂಡು ಹಿಡಿದು ಇವರ ಎದುರೇ ನಿಂತಿರುತ್ತಿದ್ದಳು, ಹೊಟ್ಟೆಯೊಳಗಿನ ಕಿಚ್ಚಿಗೆ ಇಷ್ಟೂ ತಿಳಿಯುವುದಿಲ್ಲ, ನಗು ಬರಬೇಕು, ಬರುತ್ತಿಲ್ಲ, ಅವಳು ಹೋಗುತ್ತಾಳೆ ಎಂದರೂ ಹಗುರಾಗುತ್ತಿಲ್ಲ, ಹೋಗುವವಳು ಆ ತಾಳ್ಮೆಯನ್ನು ಇಲ್ಲಿ ಬಿಟ್ಟು ಹೋಗುತ್ತಾಳೇನು.

ಚೌಕ ಮತ್ತೆ ಇಣುಕಿತು, ಜಾಗವಿಲ್ಲ. ಇನ್ನೂ ಏನು ತಿನ್ನುತ್ತಿದೆ ಜಾಗವನ್ನು ಎಂದು ಗಾತ್ರದ ಪ್ರಕಾರ ಜೋಡಿಸಿ ನೋಡಿದೆ, ಅವಳ ಪೆಟ್ಟಿಗೆಯೊಳಗೇ ಇನ್ನೊಂದು ಪೆಟ್ಟಿಗೆ, ಅದರಲ್ಲಿ ಧ್ವನಿಯ ಕಡತಗಳು, ಒಂಬತ್ತು, ಒಂದೊಂದೂ ಒಂದು ತಾಸಿನವು, ಹೆಸರಿಲ್ಲ, ಬರೀ ತಾರೀಕು, ಬೆಳಗ್ಗೆ ಕಣ್ಣಿಗೆ ಬಿದ್ದಿರಲಿಲ್ಲ. ಅಳಿಸುವ ಮೊದಲು ಕೊನೆಯದನ್ನು ಒತ್ತಿದೆ. ಇವರ ಧ್ವನಿ. ಇವರದೇ, ಆದರೆ ಊರಿನ ಮಾತಿಲ್ಲ, ಐತಿ ಇಲ್ಲ, ಬ್ಯಾಡ ಇಲ್ಲ, ಯಾವುದೋ ಇಸ್ತ್ರಿ ಮಾಡಿದ ಧ್ವನಿ, ಅವಳಿಗೆ ಇಂಟರ್ವ್ಯೂ ಅಭ್ಯಾಸ ಮಾಡಿಸುತ್ತಿದ್ದಾರೆ, ಹೇಳಿ, ಒಂದು ಪೀಸ್ ಅಳತೆ ತಪ್ಪಿದ್ರೆ ಏನ್ ಮಾಡ್ತೀರಿ. ಅವಳು ಫೋನಿನ ಆ ಕಡೆಯಿಂದ ತಡವರಿಸುತ್ತಾಳೆ, ಪಕ್ಕಕ್ಕಿಡ್ತೀನಿ ಸಾರ್, ಆಮೇಲೆ, ಆಮೇಲೆ — ಇವರು, ನಿಧಾನ, ಹೆದರ್ಬೇಡಿ, ನಾನೇನು ಓಡಿ ಹೋಗಲ್ಲ, ಇನ್ನೊಂದ್ಸಲ. ಅವಳು ಮತ್ತೆ ತಪ್ಪುತ್ತಾಳೆ. ಇನ್ನೊಂದ್ಸಲ. ಮತ್ತೆ ತಪ್ಪುತ್ತಾಳೆ. ಇನ್ನೊಂದ್ಸಲ, ಬರುತ್ತೆ ನಿಮಗೆ. ಲೆಕ್ಕ ತಪ್ಪಿತು ನನಗೆ. ಆಗ ದೂರದಲ್ಲಿ, ಇವರ ಬೆನ್ನ ಹಿಂದೆ, ಒಂದು ಸ್ಟೀಲಿನ ತಟ್ಟೆ ನೆಲಕ್ಕೆ ಬೀಳುತ್ತದೆ, ಬಿದ್ದು ಅಂಚಿನ ಮೇಲೆ ಗಿರಗಿರ ತಿರುಗುತ್ತದೆ, ಏನ್ ಸಾರ್ ಅದು ಸದ್ದು ಅನ್ನುತ್ತಾಳೆ ಅವಳು, ಇವರು, ಏನಿಲ್ಲ, ಏನಿಲ್ಲ, ನೀವು ಹೇಳಿ. ನಾನು. ಆ ತಟ್ಟೆ ಅಡುಗೆಮನೆಯಲ್ಲಿ ನನ್ನ ಕೈಯಿಂದ ಜಾರಿದ್ದು. ಹಿಂದಕ್ಕೆ ಎಳೆದು ಮತ್ತೆ ಒತ್ತಿದೆ, ತಟ್ಟೆ ಬೀಳುತ್ತದೆ, ತಿರುಗುತ್ತದೆ, ಏನಿಲ್ಲ, ನೀವು ಹೇಳಿ, ಹಿಂದಕ್ಕೆ, ತಟ್ಟೆ ಅಂಚಿನ ಮೇಲೆ ನಿಂತು ತಿರುಗುತ್ತಿದೆ, ಅದು ನಿಲ್ಲುವ ತನಕವೂ ಇವರು ಕಾಯುವುದಿಲ್ಲ, ಏನಿಲ್ಲ, ಹಿಂದಕ್ಕೆ, ತಟ್ಟೆ ತಿರುಗುತ್ತಿದೆ, ತಟ್ಟೆ ತಿರುಗುತ್ತಿದೆ, ತಟ್ಟೆ