ನಾಲ್ಕು ಪಿನ್ನಿನ ರೆಗ್ಯುಲೇಟರು

ಏಳಕ್ಕೆ ಮನೆ ಬಿಟ್ಟವರು ಏಳೂ ಹತ್ತಕ್ಕೆ ಗ್ಯಾರೇಜಿನ ಕಡೆಗೆ ಗಾಡಿ ತಳ್ಳುತ್ತಿದ್ದರು. ಪ್ಲಗ್ಗಕ್ಕ ಹ್ಯಾಂಡಲ್ ಹಿಡಿದಿದ್ದಳು, ಅವಳ ದೊಡ್ಡಮ್ಮ ಹಿಂದಿನಿಂದ ಕೈಕೊಟ್ಟಿದ್ದಳು. ಹೆಡ್‌ಲೈಟಿನ ಬಲ್ಬು ಪಟ್ಟೆಂದು ಸುಟ್ಟಿತ್ತು. ಸೀಟಿನ ಕೆಳಗೆ ಬ್ಯಾಟರಿ ಇದ್ದ ಕಡೆಯಿಂದ ಕೊಳೆತ ಮೊಟ್ಟೆಯ ವಾಸನೆ ಏಳುತ್ತಿತ್ತು.

ಹನ್ನೊಂದಕ್ಕೆ ನಲವತ್ತು ಮೈಲಿ ಆಚೆಯ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಗಾಡಿಗಳಿಗೆ ವೈರು ಜೋಡಿಸಿಕೊಡುವ ಕಾರ್ಖಾನೆಯ ಪ್ರೆಸ್ಸು ಪ್ಲಗ್ಗಕ್ಕನ ಎಡಗೈಯ ಎರಡು ಬೆರಳು ತಿಂದು ಏಳು ತಿಂಗಳಾಗಿತ್ತು. ಕೈಗೆ ಅಡ್ಡವಾಗಿ ಇರಬೇಕಾದ ಕಬ್ಬಿಣದ ಪಟ್ಟಿಯನ್ನು ಅವಳೇ ಬಿಚ್ಚಿಟ್ಟಿದ್ದಳೆಂದು ಕಂಪನಿ ಬರೆದುಕೊಟ್ಟಿತ್ತು. ಬೆರಳು ಕಳೆದುಕೊಂಡವಳ ಕಡೆಗೇ ಬೆರಳು ತೋರಿಸುವುದಕ್ಕೆ ಕಂಪನಿ ಹೇಸಲಿಲ್ಲ. ಕೆಲಸ ಬೇಗ ಸಾಗಲೆಂದು ಪಟ್ಟಿ ಬಿಚ್ಚಿಸಿದವನು ಸೂಪರ್‌ವೈಸರ್. ಅದನ್ನು ಕಣ್ಣಾರೆ ಕಂಡು ಹೇಳಲು ಒಪ್ಪಿದವಳು ಒಬ್ಬಳೇ, ಅಲ್ಲಿ ನೆಲ ಗುಡಿಸುವ ದೊಡ್ಡಮ್ಮ.

ಬೆಳಗಿನ ಬಸ್ಸು ಹೋಗಿಯಾಗಿತ್ತು. ಊರಿನ ಬಾಡಿಗೆ ಕಾರುಗಳೆಲ್ಲ ಕಂಪನಿಯ ಗುತ್ತಿಗೆಯವು. ಇನ್ನು ಉಳಿದದ್ದು ಕಂಪನಿಯ ಬಿಳಿ ವ್ಯಾನು. ಅದು ಯಾರೂ ಕರೆಯದೆಯೇ ಗ್ಯಾರೇಜಿನ ಎದುರು ಬಂದು ನಿಂತಿತ್ತು. ಒಳಗೆ ಸೂಪರ್‌ವೈಸರ್, ಅವನ ಪಕ್ಕ ಕಂಪನಿಯ ವಕೀಲ.

ಗ್ಯಾರೇಜಿನ ಮೇಸ್ತ್ರಿ ಬ್ಯಾಟರಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ ಗಾಡಿಯನ್ನು ರೈಸ್ ಮಾಡಿದ.

"ಹದಿನೇಳು ವೋಲ್ಟು! ಹದಿನಾಲ್ಕೂವರೆ ದಾಟಬಾರ್ದು. ರೆಗ್ಯುಲೇಟರ್ ಹೋಗಿದೆ ಅಕ್ಕ. ಇಂಜಿನ್ ಹುಟ್ಟಿಸೋ ಕರೆಂಟಿಗೆ ಇದೇ ಲಗಾಮು. ಲಗಾಮು ಕಿತ್ಕೊಂಡಿದೆ. ಹೀಗೇ ಓಡಿಸಿದ್ರೆ ಬ್ಯಾಟರಿ ಎಸರಿನ ಥರ ಕುದಿಯುತ್ತೆ."

"ಹೊಸದು ತಂದ್ರೆ?"

"ಸಿಕ್ರೆ ಹತ್ತು ನಿಮಿಷದ ಕೆಲಸ. ಸಿಗಬೇಕಲ್ಲ."

ಬಿಡಿಭಾಗದ ಅಂಗಡಿ ತೆರೆಯುವುದೇ ಎಂಟಕ್ಕೆ. ಬಾಗಿಲು ಅರ್ಧ ಎತ್ತುವಷ್ಟರಲ್ಲೇ ಪ್ಲಗ್ಗಕ್ಕ ಬಗ್ಗಿ ಒಳನುಗ್ಗಿದಳು. ಗಾಡಿ ಯಾವುದೆಂದು ಕೇಳಿದ ಅಂಗಡಿಯವನು ನಕ್ಕ.

"ಅದಿನ್ನೂ ಬದುಕಿದೆಯಾ?"

"ನನಗಿಂತ ಎರಡು ವರ್ಷ ದೊಡ್ಡದು. ಹಿರಿಯರ ಬಗ್ಗೆ ಸ್ವಲ್ಪ ಮರ್ಯಾದೆಯಿಂದ ಮಾತಾಡಿ."

"ಅದರದ್ದು ಬರೋದು ನಿಂತೇ ಹೋಗಿದೆಯಮ್ಮ. ಇದು ಹೊಸ ಮಾಡೆಲಿಂದು. ಇದಕ್ಕೂ ನಾಲ್ಕು ಪಿನ್ನು, ಅದಕ್ಕೂ ನಾಲ್ಕು ಪಿನ್ನು. ಇನ್ನೇನು ಬೇಕು?"

ಅವಳಿಗೂ ಇನ್ನೇನೂ ಬೇಕಿರಲಿಲ್ಲ. ಆ ನಾಲ್ಕು ಪಿನ್ನಿನ ಪ್ಲಗ್ಗನ್ನು ಅವಳು ಕಣ್ಣುಮುಚ್ಚಿ ಗುರುತಿಸಬಲ್ಲಳು. ಒಂಬತ್ತು ವರ್ಷ ದಿನವಿಡೀ ಅದನ್ನೇ ಕೂಡಿಸಿದವಳು, ಹೆಸರೇ ಅದರಿಂದ ಬಂದದ್ದು. ಗ್ಯಾರೇಜಿಗೆ ಓಡಿಬಂದು ಹೊಸ ರೆಗ್ಯುಲೇಟರನ್ನು ಗಾಡಿಯ ವೈರಿಗೆ ಸಿಕ್ಕಿಸಿದಳು. ಟಕ್. ಮೈಯೆಲ್ಲ ಹಗುರಾಯಿತು. ಟಕ್ ಅಂದರೆ ಸರಿ, ಮುಂದಿನದು ತೊಗೋ. ಕಾರ್ಖಾನೆ ಕಲಿಸಿದ್ದು ಇಷ್ಟೇ ಪಾಠ. ವೈರಿನ ಆಚೆ ತುದಿ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ತಿಳಿದವರು ಪ್ರಶ್ನೆ ಕೇಳುತ್ತಾರೆ, ಪ್ರಶ್ನೆ ಕೇಳುವವರ ಕೈ ನಿಧಾನವಾಗುತ್ತದೆ.

"ಕೂತ್ಕೊಳ್ತು! ಗಾಡಿ ಹತ್ತು ದೊಡ್ಡಮ್ಮ."

"ಕಿಕ್ ಹೊಡೀಬೇಡ!" ಮೇಸ್ತ್ರಿ ಕೂಗಿ ಪ್ಲಗ್ಗು ಕಿತ್ತ. ಮೀಟರಿನ ಒಂದು ಕಡ್ಡಿಯನ್ನು ಇಂಜಿನಿನೊಳಗೆ ಕರೆಂಟು ಹುಟ್ಟಿಸುವ ಕಾಯಿಲಿನಿಂದ ಬಂದ ಹಳದಿ ವೈರಿಗೆ, ಇನ್ನೊಂದನ್ನು ಇಂಜಿನಿನ ಮೈಗೆ ಇಟ್ಟ. ಮೀಟರು ಕುಯ್ಯೆಂದಿತು.

"ಕೇಳಿಸ್ತಾ? ಈ ಗಾಡಿಯ ಕಾಯಿಲಿನ ಒಂದು ತುದಿ ಇಂಜಿನ್ ಮೈಗೇ ಸೇರಿದೆ. ಹೊಸ ರೆಗ್ಯುಲೇಟರಿಗೆ ಎರಡು ತುದಿನೂ ಬಿಡಿಯಾಗಿರ್ಬೇಕು. ಇದನ್ನ ಹಾಕ್ಕೊಂಡು ಹೋದ್ರೆ ಹತ್ತು ಮೈಲಿಗೆ ಕಾಯಿಲ್ ಸುಟ್ಟು ನಡುರಸ್ತೇಲಿ ನಿಲ್ತೀರಿ."

"ಪ್ಲಗ್ಗು ಕೂತ್ಕೊಳ್ತಲ್ಲ ಮೇಸ್ತ್ರಿ!"

"ಚಪ್ಪಲಿ ಕಾಲಿಗೆ ಹಿಡೀತು ಅಂತ ಅದು ನಿನ್ನದಾಗುತ್ತಾ?"

ಅವಳು ಆ ಹೊಳಪು ಡಬ್ಬಿಯನ್ನು ಗೋಡೆಗೆ ಎಸೆಯುವಂತೆ ಕೈ ಎತ್ತಿದಳು, ಎಸೆಯಲಿಲ್ಲ. ಎಂಟೂ ನಲವತ್ತು.

ಹಳೇ ಟೈರಿನ ಮೇಲೆ ಕೂತಿದ್ದ ದೊಡ್ಡಮ್ಮನ ಎದುರು ಸೂಪರ್‌ವೈಸರ್ ಬಂದು ನಿಂತ. "ಹಿರಿಯ ಜೀವ ನೀವು, ಈ ಗ್ರೀಸಲ್ಲಿ ಯಾಕೆ ಕೂತಿದೀರಿ? ಬನ್ನಿ. ಇವಳೂ ಬರಲಿ. ನಾವೇನು ಹುಲಿನಾ, ತಿಂದುಹಾಕೋಕೆ?"

"ಹುಲಿ ಹಸಿವಾದಾಗ ಮಾತ್ರ ತಿನ್ನುತ್ತೆ ಸಾರ್," ಎಂದಳು ಪ್ಲಗ್ಗಕ್ಕ.

ದೊಡ್ಡಮ್ಮ ಚೀಲ ಎತ್ತಿಕೊಂಡು ಅರ್ಧ ಎದ್ದಳು. "ಹೋಗಿಬಿಡೋಣ ಕಣೇ. ಅವರ ಗಾಡೀಲಿ ಕೂತ ಮಾತ್ರಕ್ಕೆ ಕಂಡಿದ್ದು ಸುಳ್ಳಾಗುತ್ತಾ?"

"ಒಂದೂವರೆ ಗಂಟೆ ದೊಡ್ಡಮ್ಮ, ಪಕ್ಕದಲ್ಲಿ ವಕೀಲ. ಇಳಿಯೋ ಹೊತ್ತಿಗೆ ಪಟ್ಟಿ ಬಿಚ್ಚಿದ್ದು ನೀನೇ ಅಂತ ಸಹಿ ಹಾಕಿರ್ತೀಯ."

ದೊಡ್ಡಮ್ಮ ಕೂತಳು. ಪೂರ್ತಿ ಕೂರಲಿಲ್ಲ, ಟೈರಿನ ಅಂಚಿಗೆ.

ಮೇಸ್ತ್ರಿ ಮೂಲೆಯ ಗೋಣಿಚೀಲವನ್ನು ನೆಲಕ್ಕೆ ಸುರುವಿದ. ಅದರಲ್ಲಿ ಎರಡು ರೆಗ್ಯುಲೇಟರು ಸಿಕ್ಕವು. ಒಂದರ ಬೆನ್ನು ಸುಟ್ಟು ಉಬ್ಬಿತ್ತು. ಇನ್ನೊಂದು ಗುಜರಿಗೆ ಹೋದ ಬೇರೆ ಕಂಪನಿಯ ಗಾಡಿಯದು. ಅಂಚು ಮುರಿದಿತ್ತು, ಪ್ಲಗ್ಗು ಕರಗಿಹೋಗಿತ್ತು.

"ಇದರ ಕಾಯಿಲೂ ನಿನ್ನ ಗಾಡಿ ಥರಾನೇ. ಆದ್ರೆ ವೈರ್ ಕತ್ತರಿಸಿ ಜೋಡಿಸ್ಬೇಕು. ಎಷ್ಟು ದಿನ ಬಾಳುತ್ತೆ ಅಂತ ಹೇಳಲಾರೆ."

"ಇವತ್ತು ಬಾಳಲಿ."

ಅವನು ವೈರುಗಳನ್ನು ತಿರುಚತೊಡಗಿದಾಗ ಅವಳು ಕಿತ್ತುಕೊಂಡಳು. "ಟೇಪ್ ಸುತ್ತೋ ಆಟ ಬೇಡ, ದಾರೀಲಿ ಬಿಚ್ಕೊಳ್ಳುತ್ತೆ. ಕಟ್ಟಿಂಗ್ ಪ್ಲೇಯರ್ ಕೊಡು. ಇದು ಎಲ್ಲಿಗೆ?"

"ಬ್ಯಾಟರಿಗೆ."

"ಇದು?"

"ಲೈಟಿಗೆ. ಆ ಹಸಿರು ಇಂಜಿನ್ ಮೈಗೆ."

ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಒಂದೊಂದು ವೈರನ್ನೂ ಕೇಳಿ ಕೇಳಿ ಜೋಡಿಸಿದಳು. ಎಂಟು ಬೆರಳು ಎಲ್ಲಿಯೂ ತಡವರಿಸಲಿಲ್ಲ. ಮೇಸ್ತ್ರಿ ಎಳೆದು ನೋಡಿದ, ಒಂದೂ ಅಲುಗಲಿಲ್ಲ.

ಹೊಸ ಬಲ್ಬು ಹಾಕಿ ಗಾಡಿ ಎಬ್ಬಿಸಿದರು. ರೈಸ್ ಮಾಡಿದಾಗ ಮೀಟರು ಹದಿನೈದು ದಾಟಿತು. ಹೆಡ್‌ಲೈಟ್ ಹಾಕಿದ ಮೇಲೆ ಹದಿನಾಲ್ಕೂವರೆಗೆ ಇಳಿದು ನಿಂತಿತು.

"ಸ್ವಲ್ಪ ಮುದಿಯಾಗಿದೆ, ಪೂರ್ತಿ ಭಾರ ತಡೆಯಲ್ಲ. ಲೈಟು ಉರೀತಿದ್ರೆ ಅಷ್ಟು ಕರೆಂಟು ಅಲ್ಲಿ ಖರ್ಚಾಗುತ್ತೆ. ಹಗಲಾದ್ರೂ ಆರಿಸ್ಬೇಡ."

ಒಂಬತ್ತೂ ಇಪ್ಪತ್ತು. ಸೂಪರ್‌ವೈಸರ್ ವ್ಯಾನಿನ ಬಾಗಿಲು ಸರಿಸಿ ಹಿಡಿದಿದ್ದ. "ನಾಳೆ ಕೆಲಸಕ್ಕೆ ಬರ್ತೀರಲ್ವಾ ದೊಡ್ಡಮ್ಮ?"

ದೊಡ್ಡಮ್ಮ ಅವನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಬಂದು ಹಿಂದಿನ ಸೀಟಿಗೆ ಹತ್ತಿದಳು.

ದಾರಿಯುದ್ದಕ್ಕೂ ಎದುರಿಗೆ ಬಂದವರೆಲ್ಲ ಮುಷ್ಟಿ ಮುಚ್ಚಿ ತೆರೆದು ತೋರಿಸುತ್ತಿದ್ದರು.

"ಯಾಕೇ ಹಾಗ್ಮಾಡ್ತಾರೆ?"

"ಲೈಟ್ ಉರೀತಿದೆ ಅಂತ."

"ಪಾಪ, ಒಳ್ಳೇ ಜನ."

"ಹಗಲಲ್ಲಿ ಲೈಟ್ ಉರಿದ್ರೆ ಊರೆಲ್ಲ ಹೇಳುತ್ತೆ. ನನ್ನ ಬೆರಳು ಬಿದ್ದಾಗ ಆ ಸಾಲಲ್ಲಿ ನಲವತ್ತು ಜನ ಇದ್ರು. ಯಾರು ಹೇಳಿದ್ರು?"

ಬಿಳಿ ವ್ಯಾನು ಧೂಳೆಬ್ಬಿಸಿ ಮುಂದೆ ಹೋಯಿತು. ಅರ್ಧ ದಾರಿ ಕಳೆದಿರಬೇಕು, ದೊಡ್ಡಮ್ಮ ಅವಳ ಭುಜ ತಟ್ಟಿದಳು. "ನಿಲ್ಲಿಸು."

"ಹೊತ್ತಿಲ್ಲ ದೊಡ್ಡಮ್ಮ!"

"ನಿಲ್ಲಿಸು ಅಂದೆ."

ಇಂಜಿನ್ ಆರಿಸದೆ ನಿಲ್ಲಿಸಿದಳು. ದೊಡ್ಡಮ್ಮ ಇಳಿದು ಎರಡು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿಯೇ ಹೇಳಿದಳು.

"ಪಟ್ಟಿ ಬಿಚ್ಚಿದ ದಿನ ಸ್ಕ್ರೂಗಳು ನನ್ನ ಪೊರಕೆಗೆ ಸಿಕ್ಕವು. ನಾಲ್ಕು. ಸೂಪರ್‌ವೈಸರ್ ಕೈಗೇ ಕೊಟ್ಟೆ. ಜಾಣೆ ಅಂದ. ನಾನು ನಕ್ಕೆ ಕಣೇ. ಎರಡು ದಿನ ಆಗಿತ್ತು ಅಷ್ಟೇ, ಆ ಪ್ರೆಸ್ಸಿಗೆ ನಿನ್ನನ್ನ ಹಾಕಿದ್ರು, ನಿನ್ನ ಕೈ…"

ಪ್ಲಗ್ಗಕ್ಕ ಇಂಜಿನ್ ಆರದಂತೆ ಹ್ಯಾಂಡಲ್ ತಿರುವಿದಳು. ದೊಡ್ಡಮ್ಮ ಈಚೆ ತಿರುಗಿದಳು.

"ಗೊತ್ತಿದ್ದೂ ನಿನಗೇ ಯಾಕೆ ಹೇಳ್ಲಿಲ್ಲ ಅಂತ ಅಲ್ಲಿ ಕೇಳ್ತಾರಲ್ಲ."

"ಕೇಳ್ತಾರೆ."

"ನೀನೂ ಕೇಳ್ತೀಯಾ?"

ಪ್ಲಗ್ಗಕ್ಕ ಸೀಟಿನ ಕೆಳಗೆ ಕೈಯಿಟ್ಟು ರೆಗ್ಯುಲೇಟರನ್ನು ಮುಟ್ಟಿ ನೋಡಿದಳು. ಸುಡುತ್ತಿತ್ತು, ಆದರೆ ವಾಸನೆ ಇರಲಿಲ್ಲ.

"ಈಗ ಕೇಳಲ್ಲ. ಅಲ್ಲಿ ಎಲ್ಲಾ ಹೇಳು, ನಕ್ಕಿದ್ದೂ ಸೇರಿಸಿ. ಮನೆಗೆ ಬಂದ ಮೇಲೆ ನಿನ್ನ ಹತ್ರ ಜಗಳ ಆಡ್ತೀನಿ. ದೊಡ್ಡ ಜಗಳ."

"ಆಡು."

"ಆಡೇ ಆಡ್ತೀನಿ. ಹತ್ತು ಮೊದ್ಲು."

ಗಂಟೆ ಹತ್ತೂ ಹತ್ತು. ಇನ್ನೂ ಹದಿನೆಂಟು ಮೈಲಿ. ಉಳಿದ ಬೆರಳುಗಳಿಂದ ಕ್ಲಚ್ ಎಳೆದು ಅವಳು ಗೇರು ಹಾಕಿದಳು. ಗಾಳಿಯಲ್ಲಿ ದೊಡ್ಡಮ್ಮ ಅವಳ ಬೆನ್ನಿಗೆ ಬಾಯಿಟ್ಟು ಪಾಠ ಒಪ್ಪಿಸುವವಳಂತೆ ಹೇಳಿಕೊಳ್ಳುತ್ತಿದ್ದಳು: "ನಾಲ್ಕು ಸ್ಕ್ರೂ ಸ್ವಾಮಿ. ನನ್ನ ಕೈಯಾರೆ ಕೊಟ್ಟೆ. ಅಗೋ, ಅವರಿಗೇ."