ಫ್ಯಾನಿನ ರೆಕ್ಕೆಯ ಮೇಲಿನ ಬೊಟ್ಟು

ಟಿಣ್ — ಇನ್ನೊಂದು ಸ್ಕ್ರೂ ಒಗ್ಗರಣೆ ಡಬ್ಬಿಯ ಬಟ್ಟಲಿಗೆ ಬಿತ್ತು, ಜೀರಿಗೆ ಇರುತ್ತಿದ್ದ ಬಟ್ಟಲಿಗೆ, ಬೆಳಿಗ್ಗೆಯೇ ತೊಳೆದು ಬಿಸಿಲಿಗಿಟ್ಟಿದ್ದರೂ ಜೀರಿಗೆಯ ವಾಸನೆ ಹೋಗಿಲ್ಲವೇನೋ ಅನ್ನಿಸುತ್ತದೆ ಪ್ರೇಮಕುಮಾರಿಗೆ, ಹೋಗದಿದ್ದರೇನು, ಕಂಪ್ಯೂಟರಿಗೆ ಮೂಗಿಲ್ಲವಲ್ಲ, ಚಿಕ್ಕ ಸ್ಕ್ರೂ ಒಂದರಲ್ಲಿ, ದೊಡ್ಡವು ಇನ್ನೊಂದರಲ್ಲಿ, ಅಜ್ಜಿ ನೀನು ಸೂಪರ್ ಅಂದಳು ಮೊಮ್ಮಗಳು ಭವ್ಯಶ್ರೀ, ತಲೆ ಎತ್ತದೆ, ಜಡೆ ಬೋರ್ಡಿಗೆ ತಾಗದಿರಲೆಂದು ತುರುಬು ಕಟ್ಟಿಕೊಂಡಿದ್ದಾಳೆ, ಥೇಟ್ ಅವರಮ್ಮ ಆಶಾರಾಣಿ ರಂಗೋಲಿ ಬಿಡಲು ಕೂರುವ ಹಾಗೆ, ನಡುಮನೆಯ ಚಾಪೆಯ ಮೇಲೆ ಹಳೇ ಗೇಮಿಂಗ್ ಕಂಪ್ಯೂಟರು ಪಕ್ಕೆಯ ತಗಡು ಬಿಚ್ಚಿಕೊಂಡು ಮಲಗಿದೆ, ಒಳಗೆ ವೈರುಗಳ ನಡುವೆ ಫ್ಯಾನು, ಫ್ಯಾನಿನ ಒಂದು ರೆಕ್ಕೆಯ ಅಂಚಿಗೆ ಕೆಂಪು ಬೊಟ್ಟು, ಗಂಧದಲ್ಲಿ ಕಲಸಿದ ಕುಂಕುಮ, ಒಣಗಿ ಅಲ್ಲೇ ಕಚ್ಚಿಕೊಂಡಿದೆ. ಇವರು ಇಟ್ಟದ್ದು. ಇವರು, ಕಾಂತರಾಜು, ಈಗ ಜಗಲಿಯಲ್ಲಿ ಪೇಪರು ಅಗಲಿಸಿಕೊಂಡು ಕೂತಿದ್ದಾರೆ, ಆಗಿನಿಂದ ಒಂದು ಹಾಳೆಯೂ ಮಗುಚಿಲ್ಲ, ಕಿವಿ ಪೂರ್ತಿ ಒಳಗೇ ಇದೆ. ಕಳೆದ ಆಯುಧಪೂಜೆಯಲ್ಲಿ ಮನೆಯವರೆಲ್ಲ ನಕ್ಕರೂ ಬಿಡದೆ ತಗಡು ಬಿಚ್ಚಿದವರು, ಬಾನೆಟ್ಟಿಗೆ ಇಟ್ರೆ ಸಾಲ್ದು ಕಣಮ್ಮಿ, ಇಂಜಿನ್ಗೇ ಇಕ್ಬೇಕು, ನಾನು ಸರ್ವೀಸ್ ಪೂರ್ತಿ ಅಂಗೇ ಮಾಡ್ದೋನು ಅಂತ ಒಳಗೆ ಕೈ ಹಾಕಿ ಬೊಟ್ಟಿಟ್ಟು, ಬೊಗಸೆ ಎತ್ತಿ ಅಕ್ಷತೆ ಹಾಕಿ, ಕೈ ಮುಗಿದು — ಕೈ ನಡುಗಿ ಬೊಟ್ಟು ನಡುವಿಗೆ ಬೀಳದೆ ಅಂಚಿಗೆ ಹೋಯಿತು, ಅದನ್ನು ನೋಡಿಯೂ ನೋಡದ ಹಾಗೆ ಪ್ರೇಮಕುಮಾರಿ ಆಗ ಮಂಗಳಾರತಿ ತಟ್ಟೆಯ ಕಡೆ ತಿರುಗಿದ್ದರು.

ಸಾಯಂಕಾಲದೊಳಗೆ ಆಗಬೇಕು. ಚನ್ನರಾಯಪಟ್ಟಣದಿಂದ ಸುದರ್ಶನ್ ಬರುತ್ತಾನೆ, ಕಿರಿಮಗ, ಕಾಲೇಜಿನಲ್ಲಿದ್ದಾಗ ಗೇಮ್ ಆಡಲು ಈ ಕಂಪ್ಯೂಟರು ಜೋಡಿಸಿಕೊಂಡವನೂ ಅವನೇ, ಈಗ ಅದನ್ನು ಡಬ್ಬ ಅನ್ನುವವನೂ ಅವನೇ, ಅಪ್ಪಾ ಅದನ್ನ ಬುಟ್ಬುಡಿ, ದೊಡ್ಡ ಟೀವಿ ತಂದ್ಕೊಡ್ತೀನಿ, ಭಾನುವಾರ ಬತ್ತೀನಲ್ಲ, ಅಷ್ಟೊತ್ಗೆ ಓಡ್ಲಿಲ್ಲ ಅಂದ್ರೆ ಗುಜರಿ ಪಾಪಯ್ಯನ ಆಟೋಗೆ ನಾನೇ ಎತ್ತಿ ಹಾಕ್ತೀನಿ, ಹುಡುಗ ಕೆಟ್ಟವನಲ್ಲ, ಅಪ್ಪ ಪರದೆಯ ಮುಂದೆ ಪೇಚಾಡುವುದನ್ನು ನೋಡಲಾರದೆ ಆಡಿದ ಮಾತು, ಇವರೋ, ಟೀವಿ ನೋಡೋದು ಪ್ಯಾಸೆಂಜರ್ ಕೆಲ್ಸ ಕಣ್ಲಾ, ನಾನು ಡ್ರೈವರು ಅಂದುಬಿಟ್ಟರು. ಡ್ರೈವರೇ ಹೌದು. ಎಡಗಣ್ಣು ಮಂಜಾಗಿ ಸ್ಕೂಟರಿನ ಕೀ ಕೂಡ ಮಗನ ಕೈಗೆ ಕೊಟ್ಟ ಮೇಲೆ ಉಳಿದಿರುವುದು ಈ ಗೇಮಿನ ಬಸ್ಸೊಂದೇ, ಮಧ್ಯಾಹ್ನದ ಕಾಫಿ ಆದಮೇಲೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಮೇಜಿಗೆ ಬಿಗಿದ ಸ್ಟೀರಿಂಗಿನ ಮುಂದೆ ಕೂರುತ್ತಾರೆ, ತಿರುವಿನಲ್ಲಿ ಮೈಯೂ ವಾಲುತ್ತದೆ, ಯಾರೂ ಇಲ್ಲದ ಪರದೆಗೆ ರೈಟ್ ರೈಟ್ ಅಂತಾರೆ, ಆ ಹೊತ್ತು ಬೆನ್ನು ಎಷ್ಟು ನೆಟ್ಟಗಿರುತ್ತದೆ, ಅರಕಲಗೂಡು ಡಿಪೋದ ಖಾಕಿ ಷರಟಿನೊಳಗಿದ್ದ ಅದೇ ಬೆನ್ನು, ಆದರೆ ಈಚೆಗೆ ಘಾಟಿ ಏರುವಾಗಲೇ ಚಿತ್ರ ಕಲ್ಲಾಗಿ ನಿಂತುಬಿಡುತ್ತದೆ, ಅಮ್ಮೀ ಬಸ್ ನಿಂತೋಯ್ತು ಕಣೇ, ಪ್ಯಾಸೆಂಜರೆಲ್ಲ ಕಾಯ್ತಾವ್ರೆ, ನಗುತ್ತಲೇ ಹೇಳುತ್ತಿದ್ದರು ಮೊದಮೊದಲು, ಆಮೇಲೆ ನಗು ನಿಂತಿತು, ಆಮೇಲೆ ಕೂರುವುದೇ ನಿಂತಿತು. ಅವತ್ತೇ ಭವ್ಯಶ್ರೀ ಹೇಳಿದ್ದು, ತಾತ, ಪೂರ್ತಿ ಹೊಸದು ಬೇಡ, ಇದಕ್ಕೆ ಒಗ್ಗೋ ಪಾರ್ಟ್ಸ್ ಹಾಕಿದ್ರೆ ಓಡ್ತದೆ. ಒಗ್ಗುವ ಅಂದರೆ ಏನು ಎಂದು ಆಕೆ ಕೇಳಿದ್ದೇ ತಡ, ಡಿಪ್ಲೊಮಾ ಹುಡುಗಿ ಪಾಠವನ್ನೇ ಶುರುಮಾಡಿದಳು, ಹಳೇ ಪ್ರೊಸೆಸರ್ ಕೂತಿರೋ ಗೂಡಿನಲ್ಲೇ ಹೊಸದೂ ಕೂರಬೇಕು ಅಜ್ಜಿ, ಅದರ ಗುರುತು ಹಿಡಿಯೋಕೆ ಬೋರ್ಡಿಗೆ ಮುಂಚೆಯೇ ಹೊಸ ಸಾಫ್ಟ್‌ವೇರ್ ಹಾಕಬೇಕು, ಮೆಮೊರಿ ಕಡ್ಡಿಯ ಕಚ್ಚು ಸಂದಿನ ಕಚ್ಚಿಗೆ ಸರಿಹೊಂದಬೇಕು, ಗ್ರಾಫಿಕ್ಸ್ ಕಾರ್ಡು ಡಬ್ಬದೊಳಗೆ ಹಿಡಿಸಬೇಕು, ಅದಕ್ಕೆ ಬೇಕಾದಷ್ಟು ಕರೆಂಟು ಪವರ್ ಸಪ್ಲೈ ಕೊಡಬೇಕು — ಜಾಕೀಟು ಹೊಲಿಯುವ ಟೇಪು ಹಿಡಿದು ಡಬ್ಬದ ಒಳ ಅಳತೆ ತೆಗೆದದ್ದು ಇಬ್ಬರೂ ಸೇರಿಯೇ, ಹಾಸನದ ಅಂಗಡಿಗೂ ಆ ಟೇಪನ್ನೇ ಒಯ್ದಳು, ಅಂಗಡಿಯವನು ನಗಲಿಲ್ಲ, ಕಾರ್ಡಿನ ಮೇಲೆ ತಾನೇ ಟೇಪು ಹಿಡಿದು ತೋರಿಸಿದನಂತೆ, ಪ್ರೊಸೆಸರಿಗೆ ಹಚ್ಚುವ ಪೇಸ್ಟನ್ನು ದುಡ್ಡಿಲ್ಲದೆ ಹಾಗೇ ಕೈಗಿಟ್ಟನಂತೆ, ಬರುವಾಗ ದಾರಿಯ ಮೊಸಳೆ ಊರಿನಲ್ಲಿ ಬಸ್ಸು ಹತ್ತಿದ ಯಾರೋ ಹೆಂಗಸು, ಕೊಡವ್ವ ಮಗಾ, ನಿನ್ ಕೈ ಸೋತೋಗದೆ ಅಂತ ಹೊಳೆನರಸೀಪುರದವರೆಗೂ ಪಾರ್ಟ್ಸಿನ ಡಬ್ಬಿಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳಂತೆ, ಒಳಗೆ ಏನಿದೆ ಎಂದು ಕೇಳಲೂ ಇಲ್ಲವಂತೆ. ಒಗ್ಗುತ್ತದಾ — ಇದೇ ಮಾತನ್ನು ಪ್ರೇಮಕುಮಾರಿಯ ಮದುವೆಯ ಹೊತ್ತಿನಲ್ಲಿ ತವರೂರು ಕೊಣನೂರಿನಲ್ಲಿ ಎಲ್ಲರೂ ಕೇಳಿದ್ದರು, ಬಿಎಸ್ಸಿ ಓದಿದ ಟೀಚರಿಗೂ ಬಸ್ ಡ್ರೈವರಿಗೂ ಒಗ್ಗುತ್ತದಾ ಅಂತ, ಅಪ್ಪ ಮೂರು ದಿನ ಊಟದ ತಟ್ಟೆಯನ್ನೇ ನೋಡುತ್ತ ಕೂತಿದ್ದರು, ಆಕೆ ಹೇಗೆ ಹೇಳಬೇಕಿತ್ತು ಅಪ್ಪನಿಗೆ, ಸ್ಕೂಲು ಬಿಟ್ಟು ಓಡೋಡಿ ಬರುವಷ್ಟರಲ್ಲಿ ಬೇರೆ ಬಸ್ಸುಗಳು ಧೂಳೆಬ್ಬಿಸಿಕೊಂಡು ಹೋಗಿರುತ್ತಿದ್ದವು, ಇವರದೊಂದು ಮಾತ್ರ ಇಂಜಿನ್ ಗುರುಗುಟ್ಟಿಸುತ್ತ ನಿಂತಿರುತ್ತಿತ್ತು, ಕಂಡಕ್ಟರ್ ತಿಮ್ಮಪ್ಪ ಎಷ್ಟು ಸೀಟಿ ಊದಿದರೂ, ತಡಿಯೋ, ಟಯರ್ ನೋಡ್ತಿವ್ನಿ ಅಂತ ಕೆಳಗಿಳಿದು, ಏನೂ ಆಗದ ಟಯರಿಗೆ ಒದ್ದು ಒದ್ದು ನೋಡುತ್ತಿದ್ದರು —

ಅಜ್ಜಿ, ಸ್ವಿಚ್ ಹಾಕು. ಹಾಕಿದರು. ಕ್ಲಿಕ್ ಎಂದಿತು, ಫ್ಯಾನು ಅಲುಗಿತು, ಬೊಟ್ಟು ಮೇಲಿನಿಂದ ಕೆಳಕ್ಕೆ ಅರ್ಧ ಸುತ್ತು ಬಂತು, ನಿಂತಿತು. ಇನ್ನೊಮ್ಮೆ. ಮತ್ತೆ ಅರ್ಧ ಸುತ್ತು. ಪರದೆ ಕಪ್ಪು. ಹುಡುಗಿಯ ಕುತ್ತಿಗೆಯಲ್ಲಿ ಬೆವರು, ಎಲ್ಲಾ ಸರಿ ಇದೆ ಅಜ್ಜಿ, ಎಲ್ಲಾ ಒಗ್ಗೋದೇ ತಂದಿದೀನಿ, ನಿನ್ನೆ ಹಳೇ ಪ್ರೊಸೆಸರಲ್ಲೇ ಓಡಿಸಿ ಸಾಫ್ಟ್‌ವೇರೂ ಹಾಕಿದೀನಿ, ಸ್ವರ ಸಣ್ಣದಾಗುತ್ತಿದೆ, ಜಗಲಿಯಲ್ಲಿ ಪೇಪರು ಮಡಚಿದ ಸದ್ದು, ಬಾಗಿಲಲ್ಲಿ ಇವರು, ಏನವ್ವಾ ಡಾಕ್ಟ್ರೇ, ಪೇಷೆಂಟು ಉಳೀತದಾ, ತಮಾಷೆಯಾಗಿ ಹೊರಟ ಮಾತು ಬಾಗಿಲಲ್ಲೇ ಬದಲಾಯಿತು, ನಾನು ಪೂಜೇಲಿ ಒಳೀಕೆ ಕೈ ಆಕಿದ್ನಲ್ಲ, ಅದ್ಕೇನಾರ ಆಯ್ತಾ ಕಣವ್ವ, ಆಗಿದ್ರೆ ಏಳ್ಬುಡು, ಪಾಪಯ್ಯಂಗೆ ನಾನೇ ಕೊಟ್ಬುಡ್ತೀನಿ. ಇಲ್ಲ ತಾತ, ನೀವು ಕೂತ್ಕೊಳಿ, ಅನ್ನುತ್ತಾಳೆ ಮಗು, ಕರೆಂಟು ಆರಿಸಿ ಹೊಸ ಮೆಮೊರಿ ಕಡ್ಡಿ ತೆಗೆಯುತ್ತಾಳೆ, ಹಾಕುತ್ತಾಳೆ, ಒಂದು ತುದಿ ಟಕ್ ಅನ್ನುತ್ತದೆ, ಇನ್ನೊಂದು ಅನ್ನುವುದಿಲ್ಲ, ಮತ್ತೆ ತೆಗೆಯುತ್ತಾಳೆ, ಪ್ರೇಮಕುಮಾರಿ ಕನ್ನಡಕ ಸರಿಮಾಡಿಕೊಂಡು ಮೊಬೈಲಿನ ಟಾರ್ಚು ಹಿಡಿದು ಬಗ್ಗುತ್ತಾರೆ, ಇಷ್ಟು ದಿನ ಖಾಲಿಯೇ ಇದ್ದ ಸಂದು, ಅದರ ಬಣ್ಣವೇ ಹಳದಿ, ಹಳದಿಯೊಳಗೆ ಹಳದಿ, ಆದರೂ ನಡುವೆ ಏನೋ ಒಂದು, ದಿನಾ ಮೊರದಲ್ಲಿ ಅಕ್ಕಿ ಆರಿಸುವ ಕಣ್ಣಿಗೆ ಅದು ಹೇಗೆ ತಪ್ಪೀತು, ಕಲ್ಲಿನಲ್ಲಿ ಅಕ್ಕಿ ಇದೆ ಈ ಸಲ, ಅರಿಶಿನದ ಒಂದು ಕಾಳು, ಅಕ್ಷತೆ. ಹೇರ್‌ಪಿನ್ನಿಗೆ ಕೈ ಹೋಯಿತು, ಬೇಡಜ್ಜಿ, ಕಬ್ಬಿಣ ಬೇಡ, ಪಿಸುಮಾತು, ಪೊರಕೆಯಿಂದ ಒಂದು ತೆಂಗಿನಕಡ್ಡಿ ಎಳೆದು ಕೊಟ್ಟರು, ಉಸಿರು ಹಿಡಿದು, ಮೆಲ್ಲಗೆ ಮೀಟಿ — ಕಾಳು ಹುಡುಗಿಯ ಅಂಗೈಗೆ ಬಂತು, ಅವಳು ಅದನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಬಾಗಿಲಲ್ಲಿ ಟವೆಲ್ಲು ಹಿಂಡುತ್ತ ನಿಂತ ತಾತನನ್ನು ನೋಡಿದಳು, ಮುಷ್ಟಿ ಮುಚ್ಚಿದಳು. ಮೆಮೊರಿ ಕಡ್ಡಿ ಸರಿಯಾಗಿ ಕೂತಿರಲಿಲ್ಲ ತಾತ, ನಾನೇ ಗಟ್ಟಿಯಾಗಿ ಒತ್ತಿಲ್ಲ, ನನ್ ತಪ್ಪು. ಅಷ್ಟೇ. ಮುಷ್ಟಿಯನ್ನು ಒಗ್ಗರಣೆ ಡಬ್ಬಿಯ ಮೇಲೆ ಹಿಡಿದು ಬಿಟ್ಟಳು, ಕಾಳು ಸ್ಕ್ರೂಗಳ ನಡುವೆ ಸದ್ದಿಲ್ಲದೆ ಬಿತ್ತು, ಹುಡುಗಿ ಗೂಡಿಗೆ ಪ್ರೊಸೆಸರು ಕೂರಿಸಿದ್ದಕ್ಕೆ ಪ್ರೇಮಕುಮಾರಿ ಹೆಮ್ಮೆಪಟ್ಟಿದ್ದು ನಿಜ, ಬೀದಿಯವರಿಗೆಲ್ಲ ಹೇಳಬೇಕೆಂದುಕೊಂಡಿದ್ದೂ ನಿಜ, ಆದರೆ ಇದು, ಈ ಮುಷ್ಟಿ, ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲವಲ್ಲ, ಏನೂ ಆಗದ ಟಯರಿಗೆ ಒದೆಯುತ್ತ ನಿಂತವನ ಮೊಮ್ಮಗಳು, ನಮ್ಮ ಹುಡುಗಿ. ಟಕ್. ಈ ತುದಿಯೂ ಟಕ್. ಅಜ್ಜಿ, ಸ್ವಿಚ್. ನಾನಲ್ಲ ಮಗಾ, ರೀ, ಬನ್ನಿ, ಬಸ್ಸು ನಿಮ್ಮದು, ನೀವೇ ಹಾಕಿ, ಇವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಬೆರಳು ಗುಂಡಿಯ ಮೇಲೆ, ರೈಟ್ ಅಂತ ಯಾರಿಗೂ ಕೇಳದಷ್ಟು ಮೆಲ್ಲಗೆ, ಬೊಟ್ಟು ಅಲುಗಿತು, ಅರ್ಧ ಸುತ್ತು, ಅಯ್ಯೋ ನಿಲ್ಲಬೇಡ, ಪೂರ್ತಿ ಸುತ್ತು, ಇನ್ನೊಂದು, ಪರದೆಗೂ ಬೆಳಕು ಬಂತು, ಬೊಟ್ಟು ಗೆರೆಯಾಯಿತು, ಅಂಚಿಗೆ ಬಿದ್ದದ್ದಕ್ಕೇ ಅಲ್ಲವೇ, ನಡುವಿಗೆ ಬಿದ್ದಿದ್ದರೆ ಬೊಟ್ಟು ಬೊಟ್ಟಾಗಿಯೇ ಇರುತ್ತಿತ್ತು, ಈಗ ಗೆರೆ ಬಾಗಿ ಬಾಗಿ ತುದಿಗೆ ತುದಿ ಸೇರಿ, ಹೊರಗೆ ಯಾರದೋ ಬೈಕು ನಿಂತ ಸದ್ದು, ಸುದರ್ಶನ್ ಇರಬೇಕು, ಬರಲಿ, ಬಂದು ನೋಡಲಿ, ಕೆಂಪು ಬಳೆ, ಫ್ಯಾನಿನೊಳಗೆ ತೆಳ್ಳನೆಯ ಒಂದು ಕೆಂಪು ಬಳೆ, ನಿಲ್ಲದೆ, ಕೆಂಪು ಬಳೆ