ನೆರಳಿಲ್ಲದ ಬೋಗುಣಿ

ನೆರಳು ಎಲ್ಲಿ ತಾಯಿ, ನೆರಳೇ ಹಾಕಿಲ್ವಲ್ಲ ನೀನು, ಎಂದರು ಕೋಟೇಶ್ವರ್ ಗಾರು, ಕತ್ತಲಲ್ಲಿ ಅವರ ಕೈಯ ಲೇಸರಿನ ಕೆಂಪು ಚುಕ್ಕೆ ಪರದೆಯ ಮೇಲೆ ಓಡಿ ದೋಣಿಯ ಹೊಟ್ಟೆ ಸವರಿತು, ತೆಂಗಿನ ಬುಡಕ್ಕೆ ಹೋಯಿತು, ಮರಳಿನ ಮೇಲೆ ಬೋರಲು ಬಿದ್ದ ಅಲ್ಯೂಮಿನಿಯಂ ಬೋಗುಣಿಯ ಸುತ್ತ ನೊಣದ ಹಾಗೆ ಎರಡು ಸುತ್ತು ಹಾಕಿತು, ದೋಣಿಗಿಲ್ಲ, ಮರಕ್ಕಿಲ್ಲ, ಇದಕ್ಕೂ ಇಲ್ಲ, ಎಲ್ಲಾ ನೆಲ ಬಿಟ್ಟು ತೇಲ್ತಿರೋ ಹಂಗೆ ಕಾಣ್ತಿದೆ ನೋಡು — ಕಾಣಲಿ, ಅಂದುಕೊಂಡಳು ನೂಕರತ್ನಂ, ಅವತ್ತು ತೇಲಿದ ಹಾಗೆಯೇ ಇತ್ತು, ನಿಮಗೂ ಹಾಗೇ ಕಂಡಿದ್ದರೆ ನನ್ನ ಹನ್ನೊಂದು ದಿನ ದಂಡವಾಗಲಿಲ್ಲ, ಹನ್ನೊಂದು ದಿನ ಕೂತು ಒಂದೊಂದೇ ನೆರಳು ಒರೆಸಿದ್ದೇನೆ, ಮಾರ್ಚಿ ತಿಂಗಳ ಸುಡುಬಿಸಿಲಲ್ಲಿ ಖಾಲಿ ಕಡಲತೀರ ಕ್ಯಾಮೆರಾದಲ್ಲಿ ಹಿಡಿದು ತಂದು ಇದಕ್ಕೆ ತುಫಾನು ಹಾಕು ಅಂದವರು ನೀವು, ಒಂದೊಂದು ಕಪ್ಪೆಚಿಪ್ಪಿಗೂ ಕತ್ತರಿಸಿ ಅಂಟಿಸಿದಂಥ ನೆರಳು, ಅದನ್ನೆಲ್ಲ ಒರೆಸಿ, ಸೂರ್ಯನನ್ನು ಕಿತ್ತು, ಮೋಡ ಕಟ್ಟಿ — ಶಾಟು ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು, ನಾಲ್ಕು ಸೆಕೆಂಡು, ತೊಂಬತ್ತಾರು ಫ್ರೇಮು, ಯಾರಾದರೂ ಸಾಕು ಅನ್ನುವವರೆಗೆ ಹೀಗೇ ಸುತ್ತುತ್ತಿರುತ್ತದೆ, ಈ ಗ್ರಾಫಿಕ್ಸ್ ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಇದೇ ಪಾಡು, ಯಾರ ಶಾಟು ಸುತ್ತುತ್ತಿದೆಯೋ ಅವರು ಎದ್ದು ನಿಂತಿರಬೇಕು, ಉಳಿದವರು ಕತ್ತಲಲ್ಲಿ ಬಿಸ್ಕತ್ತು ಅದ್ದಿಕೊಂಡು ಚಹಾ ಕುಡಿಯಬಹುದು. ಇವತ್ತು ನಿರ್ದೇಶಕ ಮಧುಕಿರಣ್ ಕೂಡ ಬಂದು ಕೂತಿದ್ದಾರೆ, ಅಯ್ಯಪ್ಪನ ಮಾಲೆ ಹಾಕಿದ್ದಾರೆ, ಕರಿ ಅಂಗಿ, ಕರಿ ಪಂಚೆ, ಬರಿಗಾಲನ್ನು ಮುಂದಿನ ಸೀಟಿನ ಬೆನ್ನಿಗೆ ನೀಡಿದ್ದಾರೆ, ನಲವತ್ತೊಂದು ದಿನ ಎಲ್ಲರೂ ಅವರನ್ನು, ಅವರು ಎಲ್ಲರನ್ನು ಸ್ವಾಮಿ ಎನ್ನಬೇಕು, ಅವರು ಯಾರ ಮೇಲೂ ಸಿಟ್ಟಾಗುವಂತಿಲ್ಲ, ಇದೇ ಸಮಯ ಕಣೇ ನಿಂಗೆ, ಏನು ಹೇಳೋದಿದ್ರೂ ಮಾಲೆ ಇಳಿಯೋ ಮುಂಚೆ ಹೇಳ್ಬಿಡು, ಎಂದು ಪಕ್ಕದ ಮೇಜಿನ ಸಾಜಿದ್ ಒಳಗೆ ಬರುವಾಗಲೇ ಕಿವಿಯಲ್ಲಿ ಉಸುರಿದ್ದ, ಸಾಜಿದ್‌ಗೆ ಎಲ್ಲವೂ ತಮಾಷೆ, ಆದರೆ ಈ ಶಾಟು ಊಟದ ಹೊತ್ತಿಗೆ ಪಾಸಾಗದಿದ್ದರೆ ಅವಳ ಕೈಯಿಂದ ಹೋಗಿ ಅವನ ಕೈಗೆ ಬೀಳುತ್ತದೆ, ಅದು ಅವನಿಗೂ ಗೊತ್ತು.

ನೆರಳು ಇರಲಿಲ್ಲ ಸರ್, ಎಂದಳು. ಇರಲಿಲ್ಲ ಅಂದ್ರೆ, ಭೂಮಿ ಮೇಲೆ ನೆರಳಿಲ್ಲದ ಜಾಗ ಎಲ್ಲಿದೆಯಮ್ಮ, ಎಂದರು ಕೋಟೇಶ್ವರ್ ಗಾರು, ಯಾರೋ ಕಿಸಕ್ಕೆಂದರು — ನಗಲಿ, ಒಳ್ಳೆಯವರು ಕೋಟೇಶ್ವರ್ ಗಾರು, ವಿಶಾಖಪಟ್ಟಣದಿಂದ ಬಂದ ಬೆಸ್ತರ ಹುಡುಗಿಗೆ ಇಂಗ್ಲಿಷ್ ಬಾರದಿದ್ದರೇನು ಕಣ್ಣಿದೆ ಎಂದು ಕೆಲಸ ಕೊಟ್ಟವರು, ಸೇರಿದ ಮೊದಲ ದಿನ ಕನ್ನಡಿಯಂತೆ ಹೊಳೆಯುವ ಉಕ್ಕಿನ ಗುಂಡನ್ನು ಮೇಜಿನ ಮೇಲಿಟ್ಟು, ಶೂಟಿಂಗ್ ಆದ ಜಾಗದಲ್ಲಿ ಇದನ್ನ ಹಿಡಿದು ಫೋಟೋ ತೆಗೀತೀವಿ, ಇಡೀ ಆಕಾಶ ಬಂದು ಇದರಲ್ಲಿ ಕೂರುತ್ತೆ, ಬೆಳಕು ಯಾವ ದಿಕ್ಕಿಂದ ಎಷ್ಟು ಅಂತ ಇದೇ ಹೇಳುತ್ತೆ, ಅಂದಾಗ ಅವಳಿಗೆ ನಗು ಬಂದಿತ್ತು, ಇಷ್ಟೇನಾ, ಇದು ನಮ್ಮ ಮಾಮ್ಮನ ಬೋಗುಣಿ ಅಲ್ಲವಾ. ಮಾಮ್ಮ ಅಂದರೆ ಅಯ್ಯನ ತಾಯಿ, ಅಯ್ಯ ಅಂದರೆ ಅಪ್ಪ, ಮೀನು ಮಾರಿ ಬಂದವಳು ಬೋಗುಣಿಯನ್ನು ಬೂದಿ ಮರಳು ಹಾಕಿ ಗಸಗಸ ಉಜ್ಜಿ ಅಂಗಳದಲ್ಲಿ ಬೋರಲು ಹಾಕುತ್ತಿದ್ದಳು, ಆಕಾಶ ನೋಡಬೇಕಾದಾಗ ತಲೆ ಎತ್ತುತ್ತಿರಲಿಲ್ಲ, ಬಗ್ಗಿ ಬೋಗುಣಿಯ ಬೆನ್ನು ನೋಡುತ್ತಿದ್ದಳು, ಮೇಲೆ ನೋಡಿದ್ರೆ ಒಂದು ಮೂಲೆ ಕಾಣುತ್ತೆ, ಇದ್ರಲ್ಲಿ ನಾಕೂ ಮೂಲೆ ಕಾಣುತ್ತೆ, ನಿನ್ನ ಮೂತೀನೂ ಕಾಣುತ್ತೆ, ಮೊದ್ಲು ಆ ಸಿಂಬಳ ಒರಸ್ಕೋ. ಬೋಗುಣಿಯ ನೆರಳು ಅಂಚಿನಲ್ಲಿ ಗೆರೆ ಕೊಯ್ದ ಹಾಗಿದ್ದರೆ ಕಡಲಿಗೆ ಹೋಗಬಹುದು, ಮಸುಕಾದರೆ ಬಲೆ ಒಳಗಿಡಿ, ನೆರಳೇ ಇಲ್ಲದಿದ್ದರೆ — ಅದನ್ನು ಮಾಮ್ಮ ಒಂದೇ ಸಲ ಹೇಳಿದ್ದು. ಶಾಟು ಮತ್ತೆ ಶುರುವಾಯಿತು, ಹಳದಿ ಬೆಳಕು, ಅರಿಶಿನ ಕದಡಿದ ನೀರಿನಂಥ ಬೆಳಕು, ಅದು ಎಲ್ಲಿಂದಲೂ ಬರುತ್ತಿಲ್ಲ, ಎಲ್ಲ ಕಡೆಯಿಂದ ಬರುತ್ತಿದೆ, ಎಷ್ಟು ಒದ್ದಾಡಿದ್ದಾಳೆ ಆ ಹಳದಿಗೆ, ನಲವತ್ತನೆಯ ಸಲಕ್ಕೆ ಅದು ಸರಿಯಾಗಿ ಬಂದಾಗ ಕುರ್ಚಿಯಿಂದೆದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು, ಮತ್ತೆ ಮರಳಿನ ಮೇಲೆ ಬೋಗುಣಿ, ನೆರಳಿಲ್ಲದೆ.

ನೆರಳು ಬಿಡಿ ಸ್ವಾಮಿ, ಅದನ್ನ ಯಾರೂ ನೋಡಲ್ಲ, ಎಂದರು ಮಧುಕಿರಣ್, ಗಾಳಿ ನೋಡಿ, ಹಿಂದಿನ ಶಾಟಲ್ಲಿ ತೆಂಗಿನಮರ ಎಲ್ಲಾ ಕಡಲ ಕಡೆ ಬಾಗಿವೆ, ಇಲ್ಲಿ ನಮ್ಮ ಕಡೆ ಬಾಗ್ತಿವೆ, ಮಳೆಯೂ ಮುಖಕ್ಕೇ ಹೊಡೀತಿದೆ, ಪಕ್ಕದ ಬೀದಿ ಪಾನ್ ಅಂಗಡಿಯವನೂ ತಪ್ಪು ಹಿಡೀತಾನೆ, ಮತ್ತೆ ಆ ಪಾತ್ರೆ, ಅದನ್ನ ಯಾರು ಇಡೋಕೆ ಹೇಳಿದ್ದು, ನಾನಂತೂ ಬರ್ದಿಲ್ಲ. ಕೋಟೇಶ್ವರ್ ಗಾರು ಕೆಮ್ಮಿದರು, ಹುಡುಗಿ ಗಡಿಬಿಡೀಲಿ ದಿಕ್ಕು ತಪ್ಪಿದಾಳೆ ಸ್ವಾಮಿ, ತಿರುಗಿಸ್ತಾಳೆ — ತಿರುಗಿಸಲ್ಲ, ಎಂದಳು ನೂಕರತ್ನಂ, ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು, ಬಿಸ್ಕತ್ತು ಅದ್ದುತ್ತಿದ್ದ ಕೈಗಳು ನಿಂತವು, ತಪ್ಪಿಲ್ಲ ಸ್ವಾಮಿ, ತುಫಾನು ನಡುವೆ ನಿಲ್ಲುತ್ತೆ, ನಿಂತು ಎದುರು ದಿಕ್ಕಿಂದ ಬರುತ್ತೆ, ನಿಮ್ಮ ಕಥೇಲಿ ಇದು ನಿಂತ ಮೇಲಿನ ಶಾಟು ತಾನೇ. ಅವತ್ತು ಬೆಳಗಿನಿಂದ ಗುಡ್ಡದ ಕಡೆಯಿಂದ ಬೀಸಿತ್ತು, ಅವಳಿಗಾಗ ಹನ್ನೆರಡು ವರ್ಷ, ತಗಡು ಹಾರಿತ್ತು, ಒಣಮೀನಿನ ಹಗ್ಗ ಹಾರಿತ್ತು, ಅಂಗಳದ ಬೋಗುಣಿ ಕಡಲ ಕಡೆಗೆ ಉರುಳುರುಳಿ ಹೋಗಿತ್ತು, ಮಧ್ಯಾಹ್ನಕ್ಕೆ ಯಾರೋ ಗುಂಡಿ ಒತ್ತಿದ ಹಾಗೆ ಗಾಳಿ ನಿಂತಿತು, ಮಳೆ ನಿಂತಿತು, ಕಾಗೆಗಳು ನೆಲದಲ್ಲಿ ಕೂತು ಬಾಯಿ ತೆರೆದಿವೆ, ಹಳದಿ ಬೆಳಕು, ದೂರದ ಮರಳಿನಲ್ಲಿ ಬೋಗುಣಿ ಬೋರಲು ಬಿದ್ದು ಮಿಂಚುತ್ತಿದೆ. ಅಯ್ಯ ಲುಂಗಿ ಎತ್ತಿ ಕಟ್ಟಿ ಬಾಗಿಲು ತೆಗೆಯುತ್ತಾನೆ, ಮುಗೀತಲ್ಲವ್ವಾ, ದೋಣಿ ನೋಡ್ಕೊಂಡು ಬರ್ತೀನಿ, ನಿನ್ನ ಬೋಗುಣೀನೂ ತರ್ತೀನಿ, ಇಲ್ಲಾಂದ್ರೆ ವರ್ಷಾನುಗಟ್ಲೆ ಅಳ್ತೀಯ. ಹೋಗ್ಬೇಡ ಕಣೋ, ಅಂದಳು ಮಾಮ್ಮ, ಅದು ಉಸಿರು ತಗೋತಿದೆ, ಆ ಕಡೆಯಿಂದ ವಾಪಸ್ ಬರುತ್ತೆ, ಬೋಗುಣಿ ನೋಡು, ನೆರಳಿಲ್ಲ. ನೆರಳಿಲ್ಲ ಅಂದ್ರೆ ಬಿಸಿಲಿಲ್ಲ ಅಂತ ಕಣವ್ವಾ, ಅಷ್ಟೂ ಗೊತ್ತಾಗಲ್ವಾ ನಿಂಗೆ, ಅಂದ ಅಯ್ಯ, ನಕ್ಕ, ನೂಕರತ್ನಂ ಕೂಡ ನಕ್ಕಳು, ಅಯ್ಯ ನಕ್ಕರೆ ಅವಳೂ ನಗುತ್ತಿದ್ದಳು, ಹೊಸ್ತಿಲಲ್ಲಿ ನಿಂತು ನಕ್ಕಳು — ಏನಂದೆ ಮಾತಾ, ಎಂದರು ಮಧುಕಿರಣ್, ಮಾಲೆ ಹಾಕಿದವರಿಗೆ ಹೆಣ್ಣುಮಕ್ಕಳೆಲ್ಲ ಮಾತಾ, ದನಿ ಮಾತ್ರ ಬಿಗಿಯಾಗಿತ್ತು, ವಿಜ್ಞಾನ ಸರಿ ಇರಬಹುದು, ಜನಕ್ಕೆ ತಪ್ಪು ಅಂತ ಕಾಣುತ್ತೆ, ನನ್ನ ಹೀರೋ ಮುಂದಿನ ಶಾಟಲ್ಲಿ ಕಡಲಿಗೆ ನಡೀತಾನೆ, ಗಾಳಿ ಬೆನ್ನಿಗಿದ್ರೆ ಅವನ ಶಾಲು ಮುಂದಕ್ಕೆ ಹಾರುತ್ತೆ, ಅದರ ಚೆಂದವೇ ಬೇರೆ. ಹೀರೋ ಅಂತ ಗಾಳಿ ಹಿಂದಿನಿಂದ ತಳ್ಳಿಕೊಡುತ್ತಾ ಸ್ವಾಮಿ, ಎಂದಳು, ಎದುರಿಗೆ ಬೀಸಿದ್ರೆ ತಾನೇ ಅವನು ಹೀರೋ. ಸಾಜಿದ್ ಚಹಾ ಉಗುಳಿದ.

ಅಷ್ಟೇ ಆಗಿದ್ದರೆ ನಗುವಲ್ಲಿ ಮುಗಿಯುತ್ತಿತ್ತು, ಅವಳು ಬಿಡಲಿಲ್ಲ, ಬಿಡುವುದು ಹೇಗೆ, ನಮ್ಮೂರಿನವರು ಈ ಸಿನಿಮಾ ಮೊದಲ ದಿನವೇ ನೋಡ್ತಾರೆ ಸ್ವಾಮಿ, ಕಡಲ ಸಿನಿಮಾ ಅಂತ ದೋಣಿ ಬಿಟ್ಟು ಬರ್ತಾರೆ, ಗಾಳಿ ಒಂದೇ ಕಡೆ ಬೀಸಿ ನಿಂತು ಬೆಳಕು ಬಂತು, ಹೀರೋ ಬಾಗಿಲು ತೆಗೆದು ಹೊರಟ, ಏನೂ ಆಗಲಿಲ್ಲ ಅಂತ ನೀವು ತೋರಿಸಿದ್ರೆ, ಮುಂದಿನ ತುಫಾನಿಗೆ ಅವರೂ ಬಾಗಿಲು ತೆಗೀತಾರೆ. ರತ್ನಂ ಸಾಕು, ಎಂದರು ಕೋಟೇಶ್ವರ್ ಗಾರು, ಮೊದಲ ಸಲ ತಾಯಿ ಎನ್ನದೆ, ಸಾಜಿದ್, ನೀನು ತಗೋ ಇದನ್ನ, ಊಟದೊಳಗೆ ಮರ ತಿರುಗಿಸು, ನೆರಳು ಹಾಕು, ಆ ಪಾತ್ರೆ ತೆಗಿ. ಸಾಜಿದ್ ಲೋಟ ಕೆಳಗಿಟ್ಟ, ಮರ ತಿರುಗಿಸ್ತೀನಿ ಸರ್, ನೆರಳೂ ಹಾಕ್ತೀನಿ, ಆ ಪಾತ್ರೆ ಮಾತ್ರ ಅವಳೇ ತೆಗೀಲಿ, ನಂಗೆ ಕೈ ಬರಲ್ಲ — ಕೇಡಿ, ತಮಾಷೆಯವನೇ, ನಿನಗೆ ಯಾರು ಹೇಳಿದರು, ನಾನಂತೂ ಹೇಳಿಲ್ಲ, ಹನ್ನೊಂದು ದಿನ ಪಕ್ಕದಲ್ಲಿ ಕೂತು ಏನೇನು ನೋಡಿದೆ ನೀನು. ತೆಗೆಯಲ್ಲ, ಎಂದಳು, ಯಾರಿಗೆ ಹೇಳಿದಳೋ, ಸಾಲು ದಾಟಿ ಮುಂದೆ ನಡೆದಳು, ಪರದೆಯ ಬುಡಕ್ಕೆ ಹೋಗಿ ಈ ಕಡೆ ತಿರುಗಿ ನಿಂತಳು, ಪ್ರೊಜೆಕ್ಟರಿನ ಬೆಳಕು ಕಣ್ಣು ಚುಚ್ಚಿತು, ಬೆನ್ನ ಹಿಂದಿನ ಮರಳಿನ ಮೇಲೆ ಅವಳ ನೆರಳು ಬಿತ್ತು, ತಗೊಳ್ಳಿ ಸರ್ ನೆರಳು, ಇದೊಂದೇ ಇರೋದು. ಅಡ್ಡ ನಿಂತಿದ್ದೀಯ, ಕೂತ್ಕೋ ಬಾ, ಎಂದರು ಕೋಟೇಶ್ವರ್ ಗಾರು, ದನಿ ಇಳಿದಿತ್ತು. ಕೂರಲ್ಲ ಸರ್. ಕೂರುವುದಿಲ್ಲ, ಕೆಲಸದಿಂದ ತೆಗೆಯಿರಿ, ವಿಶಾಖದ ರೈಲು ಹತ್ತಿಸಿ, ಅವತ್ತು ನಕ್ಕದ್ದು ಸಾಕು ನನಗೆ, ಹೊಸ್ತಿಲಲ್ಲಿ ನಿಂತವಳ ಕಣ್ಣೆದುರಿಗೇ ಕಡಲ ಕಡೆಯ ತೆಂಗು ಒಮ್ಮೆ ಮೈ ಕೊಡವಿತು, ಅಯ್ಯ ದೋಣಿಗೂ ಬೋಗುಣಿಗೂ ನಡುವೆ ಇದ್ದ, ಬೋಗುಣಿ ಅಲುಗಿತು, ತಾನಾಗಿ ಎದ್ದು ಅಂಚಿನ ಮೇಲೆ ನಿಂತು ಮನೆಯ ಕಡೆಗೆ ಹೊರಟಿತು, ಉರುಳಿ ಉರುಳಿ ಬಂದು ಹೊಸ್ತಿಲಿಗೆ ಬಡಿಯಿತು, ಬೋಗುಣಿ ಮಾತ್ರ ಬಂತು. ಯಾರೂ ಸಾಕು ಅನ್ನಲಿಲ್ಲ, ಶಾಟು ಸುತ್ತುತ್ತಲೇ ಇತ್ತು. ಮಾತಾ, ಎಂದರು ಮಧುಕಿರಣ್, ಸಿಟ್ಟೂ ಇಲ್ಲದ ಬಿಗಿಯೂ ಇಲ್ಲದ ದನಿಯಲ್ಲಿ, ಶಾಟಿನ ಕೊನೇಲಿ ಆ ಪಾತ್ರೆ ಯಾಕೆ ನಮ್ಮ ಕಡೆ ಬರ್ತಿದೆ. ಗಾಳಿ ತಿರುಗಿತು ಸ್ವಾಮಿ, ಎಂದಳು. ಅವಳ ಬೆನ್ನ ಹಿಂದೆ ಅದು ಮತ್ತೆ ಮೊದಲಿನಿಂದ, ನೋಡಬೇಕಿಲ್ಲ, ಫ್ರೇಮಿನ ಲೆಕ್ಕ ಬಾಯಿಗೆ ಬರುತ್ತದೆ, ಮೂವತ್ತು, ನಲವತ್ತು, ಕತ್ತಲಲ್ಲಿ ಸೀಟಿನ ಬೆನ್ನಿಗೆ ನೀಡಿದ ಎರಡು ಬರಿಯ ಪಾದಗಳ ಮೇಲೆ ಹಳದಿ ಬೆಳಕು, ಐವತ್ತು, ಅರವತ್ತು, ಪಾದಗಳು ಸರಕ್ಕನೆ ಹಿಂದೆ ಸರಿದು ಪಂಚೆಯೊಳಗೆ ಸೇರಿಕೊಂಡವು, ಮರಳಿನ ಮೇಲೆ ಬೋಗುಣಿ, ನೆರಳಿಲ್ಲದೆ, ಅಲುಗಿತು, ಬೋಗುಣಿ, ಅಲುಗಿತು